ಸೋಮವಾರದ ಅಕ್ಕಿ

ಬೆಂಗ್ರೆಯ ಶಾಲೆಯಲ್ಲಿ ಸೋಮವಾರ
ಅನ್ನ ಸಾಲುವುದಿಲ್ಲ.
ಉಳಿದ ದಿನಗಳಲ್ಲೂ ಅದೇ ನಲವತ್ತಮೂರು ಮಕ್ಕಳು,
ಅದೇ ಅಳತೆಯ ಡಬ್ಬಿ, ಅದೇ ಪಾತ್ರೆ.
ಸೋಮವಾರ ಮಾತ್ರ
ವಾರಿಜಕ್ಕನ ಸೌಟು ತಳಕ್ಕೆ ತಾಗಿ
ಕಿರ್ರೆನ್ನುತ್ತದೆ.

ಬಿಸಿಯೂಟದ ಲೆಕ್ಕ ಬರೆಯುವವಳು ನಾನು.
ತಲೆಗಿಷ್ಟು ಅಕ್ಕಿ, ಇಷ್ಟು ಬೇಳೆ, ಇಷ್ಟು ಎಣ್ಣೆ,
ದಿನಾಂಕ, ಸಹಿ.
ಬಿ.ಎಡ್. ಮುಗಿಸಿ ಬಂದವಳಿಗೆ
ಮೂರು ತಿಂಗಳಾದರೂ ಹೊಳೆಯದ ಗಣಿತವನ್ನು
ವಾರಿಜಕ್ಕ ಬೇಳೆ ಕಡೆಯುತ್ತಲೇ ಹೇಳಿದಳು:
"ಶನಿವಾರ ಮಧ್ಯಾಹ್ನದಿಂದ ಸೋಮವಾರ ಮಧ್ಯಾಹ್ನಕ್ಕೆ
ಎಷ್ಟು ಗಂಟೆ ಟೀಚರೇ, ಬರೀರಿ ನೋಡುವ."

ನಲವತ್ತೆಂಟು.
ಬರೆಯುವುದೆಲ್ಲಿ?
ವಹಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಮೌನೇಶ ಕುಷ್ಟಗಿ ಕಡೆಯವನು.
ಅಪ್ಪ ದಕ್ಕೆಯಲ್ಲಿ ಮಂಜುಗಡ್ಡೆ ಒಡೆಯುತ್ತಾನೆ,
ಅವ್ವ ಮೀನು ವಿಂಗಡಿಸುತ್ತಾಳೆ.
ಮೊದಲ ದಿನ ತಟ್ಟೆಯ ಕುಚ್ಚಲಕ್ಕಿ ನೋಡಿ
"ಅಕ್ಕಿ ಯಾಕ್ರೀ ಹಿಂಗ ಬಾತೈತಿ?" ಅಂದಿದ್ದ.
ಮಿಸ್ರಿಯಾ ನಕ್ಕಳು, ನಕ್ಕು ನಕ್ಕು
ತನ್ನ ಪಾಲಿನ ಸಾರು ಅವನ ಅನ್ನಕ್ಕೆ ಸುರಿದು
ಕಲಸುವುದು ಹೇಗೆಂದು ತೋರಿಸಿದಳು.
ಈಗವನು ಮೂರು ಸಲ ಸಾಲಿಗೆ ನಿಲ್ಲುತ್ತಾನೆ,
ಪ್ರತಿ ಸಲ ಬೇರೆ ಮುಖ ಮಾಡಿಕೊಂಡು.
ವಾರಿಜಕ್ಕ ಪ್ರತಿ ಸಲವೂ
ಮೋಸಹೋಗುತ್ತಾಳೆ.

ಫೆಬ್ರವರಿಯಲ್ಲಿ ತೂಕದ ಯಂತ್ರ ದೋಣಿಯಲ್ಲಿ ಬಂತು,
ನರ್ಸಮ್ಮನ ಮಡಿಲಲ್ಲಿ, ಕೂಸಿನ ಹಾಗೆ,
ಹೊಳೆಯ ಓಲಾಟಕ್ಕೆ ಮುಳ್ಳು ಸೊನ್ನೆಯ ಅತ್ತಿತ್ತ.
ಮಕ್ಕಳು ಒಬ್ಬೊಬ್ಬರೇ ಹತ್ತಿದರು
ಉಸಿರು ಬಿಗಿಹಿಡಿದು,
ಉಸಿರಿಗೂ ತೂಕ ಇದೆಯೆಂಬಂತೆ.
ಮೌನೇಶನ ಚಡ್ಡಿಯ ಎರಡೂ ಕಿಸೆ ಉಬ್ಬಿದ್ದವು.
ತೆಗೆಸಿದರೆ, ಮರುವಾಯಿ ಚಿಪ್ಪು,
ದಂಡೆಯಲ್ಲಿ ಹೆಕ್ಕಿದ್ದು, ಬಣ್ಣ ಹೋದದ್ದು.
"ಫೇಲಾಗಬಾರದಂತ ರೀ," ಅಂದ.
ಎಂಟು ವರ್ಷ. ಹದಿನಾರು ಕಿಲೋ.
ಚಿಪ್ಪು ಬಿಟ್ಟು.

ಆ ಹೊತ್ತಿಗೆ ಆಚೆ ದಡದಲ್ಲಿ
ಬೂತಾಯಿ ಲಾರಿ ಹತ್ತುತ್ತಿತ್ತು, ಟನ್ನುಗಟ್ಟಲೆ,
ಒಣಗಿ ಹುಡಿಯಾಗಲು ಹೊರಟ ಮೀನು.
ಯಾವುದೋ ದೇಶದ ಕೊಳಗಳಲ್ಲಿ
ಅದನ್ನು ತಿಂದು ಸಿಗಡಿ ಕೊಬ್ಬುತ್ತದಂತೆ.
ನರ್ಸಮ್ಮ ಕೆಂಪು ಶಾಯಿಯಲ್ಲಿ ಏಳು ಹೆಸರು ಬರೆದು
ಚಹಾ ಬೇಡವೆಂದು ಕೊನೆಯ ದೋಣಿ ಹಿಡಿದರು.

ಮರುದಿನದಿಂದ ವಾರಿಜಕ್ಕ
ಮನೆಯ ಹಿತ್ತಲಿನ ನುಗ್ಗೆಸೊಪ್ಪು ತಂದಳು ಸೆರಗಲ್ಲಿ,
ಹುರುಳಿ ಬೇಯಿಸಿ ಅರೆದು ಸಾರಿಗೆ ಸೇರಿಸಿದಳು,
ಸೋಮವಾರ, ಯಾರನ್ನೂ ಕೇಳದೆ,
ಅಕ್ಕಿಯ ಡಬ್ಬಿ ಇನ್ನೆರಡು ಸಲ ಮುಳುಗಿಸಿದಳು.
ನಾನು ಕಿಟಕಿಯ ಕಡೆ ತಿರುಗಿ
ಹಳೆಯ ಲೆಕ್ಕವನ್ನೇ ಬರೆದೆ.

ಮೊಟ್ಟೆಯ ದಿನ ಮೌನೇಶ ಬಿಳಿ ಮೊದಲು ತಿನ್ನುತ್ತಾನೆ.
ಹಳದಿಯನ್ನು ಸಂಜೆಯ ತನಕ
ಕೆನ್ನೆಯೊಳಗೆ ಉಳಿಸಿಕೊಳ್ಳುವುದೆಂದು ಅವನ ಯೋಚನೆ.
ಮಗ್ಗಿ ಒಪ್ಪಿಸುವಾಗ
ಏಳೇಳಲಿ ಎನ್ನುವಷ್ಟರಲ್ಲಿ ಕರಗಿರುತ್ತದೆ.

ಜುಲೈ. ಬೋಟುಗಳು ಸಾಲಾಗಿ ದಡದಲ್ಲಿ,
ದಕ್ಕೆಯಲ್ಲಿ ಕೆಲಸವಿಲ್ಲ,
ಕೆಲವು ಮನೆಗಳಲ್ಲಿ ಒಲೆ ಒಂದೇ ಹೊತ್ತು.
ನಮ್ಮಲ್ಲಿ ವಾರವೆಲ್ಲ ಸೋಮವಾರ.
ಅಂಥ ದಿನ ತಪಾಸಣೆಗೆ ಬಂದರು,
ಒದ್ದೆ ಕೊಡೆ ಮೂಲೆಗಿಟ್ಟು, ಮೂಟೆ ತೂಗಿಸಿ,
"ಹನ್ನೊಂದು ಕಿಲೋ ಕಡಿಮೆ. ಹೇಗೆ?"

ವಾರಿಜಕ್ಕ ಸೌಟು ಹಿಡಿದು ನಿಂತಳು.
ಸುಳ್ಳು ಹೇಳಿ ಅಭ್ಯಾಸವಿಲ್ಲ ನನಗೆ.
"ಹೆಗ್ಗಣ, ಸರ್."
"ಎಷ್ಟಿವೆ?"

ಕಿಟಕಿಯಾಚೆ ನಲ್ಲಿಯ ಬಳಿ
ಅವು ತಟ್ಟೆ ತೊಳೆಯುತ್ತಿದ್ದವು,
ಒಂದರ ಮೇಲೊಂದು ನೀರು ಎರಚುತ್ತ.
ಅವರೂ ನೋಡಿದರು.
ಪೆನ್ನಿಗೆ ಮುಚ್ಚಳ ಹಾಕಲಿಲ್ಲ, ಬರೆಯಲೂ ಇಲ್ಲ.
ಮಳೆ ಹಂಚಿನ ಮೇಲೆ ಜೋರಾಯಿತು.

ಅಷ್ಟರಲ್ಲಿ ಒಂದು,
ತೊಳೆದ ತಟ್ಟೆಯನ್ನು ಎದೆಗೊತ್ತಿಕೊಂಡು,
ಗಲ್ಲ ಉಬ್ಬಿಸಿ, ಕಣ್ಣು ಓರೆ ಮಾಡಿ,
ಇಲ್ಲಿಯತನಕ ಕಾಣದೇ ಇದ್ದ ಮುಖದಲ್ಲಿ
ನಾಲ್ಕನೇ ಸಲ
ಸಾಲಿಗೆ ಬಂತು.